ಎದೆ ಪಳಗುವ ದಿನಗಳು

ಬ್ಯಾಡಗಿಯಲ್ಲಿ ಕೆಮ್ಮಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಜನವರಿ ಬಂದು ಹೊಸ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿಗೆ ಇಳಿಯತೊಡಗಿದರೆ ಊರಿಗೆ ಊರೇ ಕೆಮ್ಮುತ್ತದೆ, ಸೀನುತ್ತದೆ, ಕಣ್ಣೊರೆಸಿಕೊಂಡು ಮತ್ತೆ ವ್ಯಾಪಾರಕ್ಕೆ ನಿಲ್ಲುತ್ತದೆ. ಬಸ್ಸಿಳಿದ ಪರವೂರಿನವರಷ್ಟೇ ಗಾಬರಿಯಾಗಿ ಕರವಸ್ತ್ರ ಹುಡುಕುವುದು. ಹೀಗಿರುವಾಗ ರೇಣುಕವ್ವ ಕೆಮ್ಮಲು ಶುರು ಮಾಡಿದ್ದು ಸುದ್ದಿಯೇ ಆಗಲಿಲ್ಲ.

ರೇಣುಕವ್ವ ಯಾರ್ಡಿನ ಒಂದು ದಲಾಲಿ ಅಂಗಡಿಯ ಮುಂದೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಗುಂಪಿನವಳು. ಆ ಗುಂಪಿಗೆ ಹಿರಿಯಳು ತಾಜಬಿ. ಯಾರು ಯಾವ ರಾಶಿಗೆ ಕೂರಬೇಕು, ಯಾರ ಸೊಸೆಯ ತಪ್ಪು, ಯಾರ ಮಗನಿಗೆ ಯಾವ ಊರಿನ ಹೆಣ್ಣು, ಎಲ್ಲದಕ್ಕೂ ಅವಳ ಮಾತೇ ಕೊನೆಯ ಮಾತು. ಕೆಮ್ಮಿನ ವಿಷಯದಲ್ಲೂ ಆ ಗುಂಪಿಗೆ ಅವಳದೇ ಒಂದು ರೂಢಿ. ಮಳೆಗಾಲವೆಲ್ಲ ಬೇರೆ ಕೆಲಸ ಮಾಡಿಕೊಂಡು ಸುಗ್ಗಿಗೆ ಮರಳಿದವರ ಎದೆ ಘಾಟನ್ನು ಮರೆತಿರುತ್ತದಂತೆ. ಹೆದರಿ ಮನೆಯಲ್ಲಿ ಕೂತರೆ ಇನ್ನಷ್ಟು ಮರೆಯುತ್ತದೆ. ಅದಕ್ಕೇ ಕೆಮ್ಮುವವಳನ್ನು ದೂರ ಕೂರಿಸಬಾರದು, ರಾಶಿಯ ಬುಡದಲ್ಲೇ ಕೂರಿಸಿ ಬಾಯಿಗೊಂದು ಬೆಲ್ಲದ ತುಂಡು ಇಡಬೇಕು. ಕೆಲವು ದಿನಕ್ಕೆ ಎದೆ ತಾನಾಗಿ ಪಳಗುತ್ತದೆ. ಹೀಗೆ ಪಳಗಿದವರು ಎಷ್ಟೋ ಮಂದಿ ಅಲ್ಲೇ ಕೂತು ನಗುತ್ತಾ ಸಾಕ್ಷಿ ಹೇಳುತ್ತಿದ್ದುದರಿಂದ ಆ ಮಾತನ್ನು ಅನುಮಾನಿಸಲು ಯಾರಿಗೂ ಕಾರಣವಿರಲಿಲ್ಲ.

ಈ ಸಲ ರೇಣುಕವ್ವ ಕದರಮಂಡಲಗಿಯಲ್ಲಿ ತಂಗಿಯ ಬಾಣಂತನ ಮುಗಿಸಿ ತಡವಾಗಿ ಯಾರ್ಡಿಗೆ ಬಂದಿದ್ದಳು. ಬಂದ ಮೂರನೆಯ ದಿನ ಕೆಮ್ಮು ಹತ್ತಿತು. ತಾಜಬಿ ಬೆಲ್ಲ ಕೊಟ್ಟು ರಾಶಿಯ ಬುಡಕ್ಕೆ ಕರೆದಳು. ವಾರ ಕಳೆದರೂ ಕೆಮ್ಮು ನಿಲ್ಲಲಿಲ್ಲ.

"ಅವ್ವಾ, ಇವತ್ತೊಂದಿನ ಯಾರ್ಡ್ ಬಿಡು. ದವಾಖಾನಿಗೆ ಹೋಗೂಣು," ಎಂದಳು ಮಗಳು ಶೈಲಶ್ರೀ. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಾ ನಡುನಡುವೆ ಪಕ್ಕೆ ಹಿಡಿದುಕೊಳ್ಳುತ್ತಿದ್ದುದನ್ನು ಅವಳು ಬಾಗಿಲ ಮರೆಯಿಂದ ಆಗಲೇ ನೋಡಿದ್ದಳು.

"ಕೆಮ್ಮಿಗೆಂಥಾ ದವಾಖಾನಿ? ಬ್ಯಾಡಗ್ಯಾಗ ಕೆಮ್ಮಿದವರೆಲ್ಲ ದವಾಖಾನಿಗೆ ಹ್ವಾದ್ರ ಡಾಕ್ಟರಗs ನಿಂದ್ರಾಕ ಜಾಗ ಸಿಗಂಗಿಲ್ಲ."

"ಜ್ವರಾನೂ ಐತೆಲ್ಲ."

"ಒಲಿ ಮುಂದ ಕುಂತ್ರ ಮೈ ಬಿಸಿ ಇರದ ತಣ್ಣಗಿರ್ತೈತೇನ? ತಾಜಬಿ ಅಕ್ಕ ಹೇಳ್ಯಾಳ, ಇನ್ನೊಂದೆರಡ ದಿನ, ಪಳಗ್ತೈತಿ ಅಂತ. ನಿಮ್ಮಪ್ಪ ಬರೂದ್ರಾಗ ನಾ ಗಟ್ಟಿ ಆಗಿರ್ತೇನಿ." ಅಪ್ಪ ಮೈಲಾರೆಪ್ಪ ಲಾರಿಯಲ್ಲಿ ಮೆಣಸಿನಕಾಯಿ ಲೋಡು ತೆಗೆದುಕೊಂಡು ಮುಂಬೈ ಕಡೆ ಹೋಗಿದ್ದ.

ಶೈಲಶ್ರೀಗೆ ಹೇಳಲು ಇನ್ನೂ ಬಹಳವಿತ್ತು. ಆದರೆ ಅವಳ ಮಾತು ಗಂಟಲ ತನಕ ಬಂದು ಅಲ್ಲೇ ಕಾಲು ಮಡಚಿ ಕೂತುಬಿಡುವ ಜಾತಿಯದು. ಧಾರವಾಡದಲ್ಲಿ ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ರಾಣೇಬೆನ್ನೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಸೂಕ್ಷ್ಮದರ್ಶಕದ ಮುಂದೆ ಮಾತಾಡಬೇಕಾಗಿಲ್ಲ ಎಂಬುದೇ ಆ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದು. ಈಗ ಮಾತು ಬಿಟ್ಟು ಚೀಲದಿಂದ ಮುಚ್ಚಳದ ಡಬ್ಬಿಯೊಂದನ್ನು ತೆಗೆದು ಅವ್ವನ ಮುಂದೆ ಹಿಡಿದಳು.

"ಬಾಯಿ ಮುಕ್ಕಳಿಸಿ, ಒಳಗಿಂದ ಕೆಮ್ಮಿ ಇದರಾಗ ಉಗುಳು."

"ಶಿವನs! ಮಂದಿ ಮಕ್ಕಳು ಅವ್ವನ ಕಡೆ ಸೀರಿ ಕೇಳ್ತಾವು, ಬಂಗಾರ ಕೇಳ್ತಾವು. ನನ್ನ ಮಗಳು ಉಗುಳು ಕೇಳ್ತಾಳ," ಎಂದು ನಗಲು ಹೋಗಿ ರೇಣುಕವ್ವ ಕೆಮ್ಮಿದಳು. ಡಬ್ಬಿಗೆ ಬಿದ್ದ ಕಫ ತುಕ್ಕಿನ ಬಣ್ಣದ್ದಾಗಿತ್ತು. ಮಗಳ ಮುಖ ಬಿಳಿಚಿದ್ದನ್ನು ಕಂಡು, "ಮೆಣಸಿನಕಾಯಿ ಧೂಳ ಅದು. ದಿನಾ ಕುಡದದ್ದು ಕೆಂಪಗs ಬರ್ತೈತಿ," ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ರಾಣೇಬೆನ್ನೂರಿನ ಲ್ಯಾಬಿನಲ್ಲಿ ಶೈಲಶ್ರೀ ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಆ ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣ ಹಾಕಿ, ಮಸೂರದ ಕೆಳಗೆ ಇಟ್ಟಳು.

ಮೊದಲು ಕಂಡದ್ದು ಬಿಳಿ ರಕ್ತಕಣಗಳ ದಂಡು. ಜಾತ್ರೆ ಮುಗಿದ ಮೈದಾನದ ಕಸದ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು, ಅರ್ಧಕ್ಕರ್ಧ ಸತ್ತು ಹರಿದಿದ್ದವು. ಅವುಗಳ ನಡುವೆ ನೇರಳೆ ಬಣ್ಣದ ಚಿಕ್ಕ ಚಿಕ್ಕ ಜೋಡಿಗಳು. ಎರಡೆರಡು ಜೋಳದ ಕಾಳನ್ನು ಒಂದಕ್ಕೊಂದು ಹಚ್ಚಿಟ್ಟ ಹಾಗೆ, ಸುತ್ತ ಖಾಲಿ ಪ್ರಭಾವಳಿ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ. ಎಷ್ಟೋ ಜನರ ಕಫದಲ್ಲಿ ಅದನ್ನು ಗುರುತಿಸಿದ್ದ ಅವಳಿಗೆ ಈಗ ಒಮ್ಮೆಗೆ ನಂಬಲಾಗಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

ಒಂದು ಮೂಲೆಯಲ್ಲಿ ಅವಳಿಗೆ ಪರಿಚಯವಿದ್ದ ಇನ್ನೊಂದು ಜೀವಕೋಶ ಕಂಡಿತು. ದೊಡ್ಡದು, ಗುಂಡಗಿನದು, ಹೊಟ್ಟೆಯ ತುಂಬ ಕಪ್ಪು ಕೆಂಪು ಧೂಳಿನ ಕಣಗಳು. ಶ್ವಾಸಕೋಶದ ಗಾಳಿಚೀಲಗಳಲ್ಲೇ ಮನೆ ಮಾಡಿಕೊಂಡಿರುವ ಮ್ಯಾಕ್ರೋಫೇಜ್. ಎಂಎಸ್ಸಿಯಲ್ಲಿ ಅವಳು ಆರಿಸಿಕೊಂಡ ಸೆಮಿನಾರಿನ ವಿಷಯ ಅದೇ ಆಗಿತ್ತು: ಸೋಂಕು ಬಂದಾಗ ಅವು ಹೇಗೆ ಬದಲಾಗುತ್ತವೆ, ಗೆದ್ದ ಮೇಲೆ ಏನನ್ನು ನೆನಪಿಟ್ಟುಕೊಳ್ಳುತ್ತವೆ. ತಿಂಗಳುಗಟ್ಟಲೆ ಓದಿದ್ದಳು. ವೇದಿಕೆ ಹತ್ತಿ ಎರಡು ವಾಕ್ಯ ಹೇಳಿ, ಎದುರಿನ ಮುಖಗಳನ್ನು ಕಂಡು, ಹೊಟ್ಟೆನೋವಿನ ನೆವ ಹೇಳಿ ಇಳಿದುಬಿಟ್ಟಿದ್ದಳು.

"ಯಾರದವಾ ಇದು? ಭಾಳ ಹೊತ್ತಾತು ಅದರಾಗs ಇಳದೀದಿ," ಎಂದು ಹಿರಿಯ ಟೆಕ್ನಿಷಿಯನ್ ಪ್ರವೀಣಕುಮಾರ ಬಂದು ಬಗ್ಗಿ ನೋಡಿದ. ಅವನ ಹುಡುಗಾಟ ಅಲ್ಲಿಗೇ ನಿಂತಿತು. "ಇದನ್ನ ಇಟ್ಕೊಂಡು ಪೇಷಂಟ್ ಎಲ್ಲಿ ಕುಂತೈತಿ?"

"ಮೆಣಸಿನಕಾಯಿ ರಾಶಿ ಮುಂದ," ಎಂದಳು ಶೈಲಶ್ರೀ. "ನಮ್ಮವ್ವ."

"ಏ ಮಾರಾಯ್ತಿ! ಫೋನ್ ಹಚ್ಚು."

"ಯಾರ್ಡಿಗೆ ಫೋನ್ ಒಯ್ಯಂಗಿಲ್ಲ ಅಕಿ. ಖಾರದ ಕೈ ಹತ್ತಿ ಕೆಡ್ತೈತಿ ಅಂತಾಳ."

"ಹಂಗಾರ ಏಳು! ಇಲ್ಲಿ ಕುಂತು ಅವನ್ನ ಎಣಸಿದ್ರ ಅವು ಕಡಿಮಿ ಆಕ್ಕಾವೇನ?"

ಹೆದ್ದಾರಿಯ ಬಸ್ಸು ಹಿಡಿದು ಮೋಟೆಬೆನ್ನೂರಿನಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋ ಹತ್ತಿ ಯಾರ್ಡಿಗೆ ಬರುವಷ್ಟರಲ್ಲಿ ಶೈಲಶ್ರೀ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹತ್ತಾರು ಸಲ ಕಟ್ಟಿ ಬಿಚ್ಚಿದ್ದಳು. ಯಾರ್ಡಿನ ಗೇಟಿನಲ್ಲಿ ಮೊದಲ ಸೀನು ಬಂದದ್ದೇ ಕಟ್ಟಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ನೆತ್ತಿಯ ಮೇಲೆ ಬಿಸಿಲು. ಎಲ್ಲಿ ನೋಡಿದರೂ ಕೆಂಪು ರಾಶಿ, ಚೀಲ ಹೊತ್ತ ಹಮಾಲರು, ಕೂಗಾಟ. ಅಂಗಡಿಯ ಮುಂದಿನ ತಗಡಿನ ನೆರಳಿನಲ್ಲಿ ಮೂಗಿಗೆ ಸೆರಗು ಬಿಗಿದ ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರಿಗಿಂತ ಮುಂದೆ, ರಾಶಿಗೆ ಒರಗುವಷ್ಟು ಹತ್ತಿರ, ಅವ್ವ. ಕೈ ಆಡುತ್ತಿತ್ತು. ಆದರೆ ಒಂದು ಕಾಯಿ ಬಿಡಿಸಿ ಇನ್ನೊಂದಕ್ಕೆ ಕೈ ಚಾಚುವ ನಡುವೆ ಅವಳು ಬಾಯಿ ತೆರೆದು ಉಸಿರಿಗೆ ಕಾಯುತ್ತಿದ್ದಳು.

"ಬಾ ಬೇಟಿ!" ತಾಜಬಿಯ ದನಿ ರಾಶಿಯ ಆಚೆಯಿಂದ ಬಂತು. "ಲ್ಯಾಬ್ ಬಿಟ್ಟು ತೊಟ್ಟು ಬಿಡಸಾಕ ಬಂದ್ಯೇನ? ಒಂದ್ ಸೆರಗು ಕೊಡ್ರೆ ಈಕಿಗೆ, ಆಗ್ಲೇ ಮೂಗು ಟೊಮೆಟೊ ಆಗೇತಿ."

ಹೆಂಗಸರು ನಕ್ಕರು. ಶೈಲಶ್ರೀ ಅವ್ವನ ಪಕ್ಕ ಕುಕ್ಕರಿಸಿ ಮೆಲ್ಲಗೆ, "ಅವ್ವಾ, ಏಳು. ನ್ಯುಮೋನಿಯಾ ಆಗೇತಿ," ಎಂದಳು. ರೇಣುಕವ್ವ ಮಗಳನ್ನು ನೋಡದೆ ತಾಜಬಿಯ ಕಡೆ ನೋಡಿದಳು. ಅದನ್ನು ಕಂಡು ಶೈಲಶ್ರೀಗೆ ತಿಳಿಯಿತು, ಈಗ ಮಾತಾಡಬೇಕಾದ್ದು ಅವ್ವನ ಜೊತೆಯಲ್ಲ. ಅವಳು ತಾಜಬಿಯ ಕಡೆ ತಿರುಗಿ ಎದ್ದು ನಿಂತಳು. ತೊಟ್ಟು ಬಿಡಿಸುವ ಕೈಗಳೆಲ್ಲ ನಿಂತವು.

"ಖಾಲಾ, ಅವ್ವನ್ನ ಇಲ್ಲಿ ಕುಂದ್ರಸಬ್ಯಾಡ್ರಿ."

"ಯಾಕ? ಮೂವತ್ತ ವರ್ಷದಿಂದ ಕುಂದ್ರಸಾಕತ್ತೇನಿ. ಈ ಮಂದಿದೆಲ್ಲ ಎದಿ ಪಳಗಿದ್ದು ಸುಳ್ಳೇನ?"

"ಸುಳ್ಳಲ್ಲ. ಎದಿ ಕಲೀತೈತಿ. ನಾ ಅದನ್ನs ಓದೇನಿ." ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ, ತಾಜಬಿಯಂತೂ ಇಲ್ಲ. ಅವರು ಸಾವರಿಸಿಕೊಳ್ಳುವ ಮೊದಲೇ ಶೈಲಶ್ರೀ ಮುಂದುವರಿಸಿದಳು. "ನಮ್ಮ ಎದಿಯೊಳಗ ಸಣ್ಣ ಸಣ್ಣ ಗಾಳಿಚೀಲ ಇರ್ತಾವ್ರಿ. ಅವುಗಳೊಳಗ ನಿಮ್ಮಂಗ ಒಬ್ಬಾಕಿ ಕುಂತಿರ್ತಾಳ ಅಂತ ತಿಳ್ಕೋರಿ. ಧೂಳು ಬಂದ್ರ ಗದ್ದಲ ಮಾಡದ ನುಂಗಿ ಜಾಗ ಹಸನ ಮಾಡ್ತಾಳ. ನೀವು ಸುಗ್ಗಿ ತುಂಬ ಕುಡಿಯೂ ಧೂಳು ಅಕಿನs ನುಂಗೂದು."

"ಛಲೋ ಹೆಣ್ಣಮಗಳ," ಎಂದಳು ಯಾರೋ.

"ಈಗ ಅವ್ವನ ಎದಿಯೊಳಗ ಬಂದದ್ದು ಧೂಳಲ್ಲ. ಜೀವ ಇರೂ ಹುಳ. ಧೂಳು ಬಿದ್ದಲ್ಲೇ ಬಿದ್ದಿರ್ತೈತಿ, ಇದು ಒಂದಿದ್ದದ್ದು ಎರಡಾಗಿ ಎರಡಿದ್ದದ್ದು ನಾಕಾಗಿ ಬೆಳಿತೈತಿ. ತನ್ನೊಬ್ಬಾಕಿ ಕೈಲೆ ಆಗಂಗಿಲ್ಲಂತ ಒಳಗಿನಾಕಿ ಕೂಗಿ ರಕ್ತದಾಗಿಂದ ಮಂದಿ ಕರಸ್ಯಾಳ. ಅವರು ಬಂದು ಹುಳದ ಕೂಡ ಬಡದಾಡಿ ಅಲ್ಲೇ ಸಾಯಾಕತ್ತಾರ. ಆ ಹೆಣಾ, ಆ ಕೀವು ತುಂಬಿ ಗಾಳಿಗೆ ಜಾಗ ಇಲ್ಲದಂಗ ಆಗೇತಿ. ಇವತ್ತ ಮುಂಜಾನೆ ನನ್ನ ಕಣ್ಣಾರೆ ನೋಡೇನಿ. ಅಂಥಾದ್ರಾಗ ನೀವು ಅಕಿನ್ನ ರಾಶಿ ಬುಡಕ ಕುಂದ್ರಿಸಿ ಮ್ಯಾಲಿಂದ ಮತ್ತ ಧೂಳು ಸುರೀತೀರಿ. ಒಳಗಿನಾಕಿ ಹುಳ ನೋಡ್ಬೇಕೋ, ಹೆಣಾ ಎತ್ತಬೇಕೋ, ನಿಮ್ಮ ಧೂಳು ನುಂಗಬೇಕೋ? ಅಕಿಗೆ ಎಷ್ಟು ಕೈ ಅದಾವು ಖಾಲಾ?"

ಅಷ್ಟು ಉದ್ದದ ಮಾತು ತನ್ನ ಬಾಯಿಂದಲೇ ಬಂತೆಂದು ತಿಳಿದು ಶೈಲಶ್ರೀಯ ಕಿವಿ ಬಿಸಿಯಾದವು. ಕೆಲಸ ಮೈಮೇಲೆ ಬಿದ್ದವಳ ಪಾಡು ಏನೆಂದು ಆ ಸಾಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಅವ್ವನ ಮಾರಿ ನೋಡ್ರಿ," ಎಂದಳು ಶೈಲಶ್ರೀ ಮತ್ತೆ, ಈಗ ಸಣ್ಣ ದನಿಯಲ್ಲಿ. "ಘಾಟಿಗೆ ಕೆಮ್ಮೂವರಿಗೆ ಕಣ್ಣಾಗ ಮೂಗಿನ್ಯಾಗ ನೀರು ಸುರೀತೈತಿ. ನನಗs ಸುರ್ಯಾಕತ್ತೈತಿ. ಅವ್ವಗ ಐತೇನು?"

ತಾಜಬಿ ಮಂಡಿ ಹಿಡಿದು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು, ಮಣಿಕಟ್ಟಿನಿಂದ ರೇಣುಕವ್ವನ ಗದ್ದ ಎತ್ತಿ ಬೆಳಕಿನ ಕಡೆ ತಿರುಗಿಸಿದಳು. ಕಣ್ಣು ಒಣಗಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ. ಮೂಗಿನ ಹೊಳ್ಳೆಗಳು ಪ್ರತಿ ಉಸಿರಿಗೂ ಅರಳಿ ಮುಚ್ಚುತ್ತಿದ್ದವು.

"ಯಾ ಅಲ್ಲಾ," ಎಂದಳು ತಾಜಬಿ. "ದಿನಾ ಮುಂದs ಕುಂದ್ರಿಸಿಕೊಂಡು ಈ ಮಾರಿ ನಾ ನೋಡಲೇ ಇಲ್ಲಲ್ಲ."

"ಅಕ್ಕಾ, ಈ ಚೀಲೊಂದು ಮುಗಿಸಿ..." ಎಂದು ರೇಣುಕವ್ವ ಏಳಲು ಹೋಗಿ ಪಕ್ಕೆ ಹಿಡಿದು ಮತ್ತೆ ಕೂತಳು.

"ಚೀಲ ಸುಡು! ಏ, ಯಾರರ ಹೋಗಿ ನಮ್ಮ ಸಾಬರನ್ನ ಕರೀರೆ. ಗೇಟಿನ ಕಡೆ ಟಂಟಂನ್ಯಾಗ ನಿದ್ದಿ ಹೊಡ್ಯಾಕತ್ತಿರ್ತಾರ. ಹಾವೇರಿಗೆ ಹೋಗೂದೈತಿ ಅನ್ರಿ, ಬಾಡಿಗಿ ಕೇಳಿದ್ರ ನಾ ಮನಿಯಾಗ ಕೊಡ್ತೇನಿ ಅನ್ರಿ."

ತಾಜಬಿಯ ಗಂಡ ಶಮಶೇರಸಾಬ ಬಾಡಿಗೆಯ ಮಾತೇ ಎತ್ತಲಿಲ್ಲ. ದಾರಿಯುದ್ದಕ್ಕೂ ತಾಜಬಿ ರೇಣುಕವ್ವನನ್ನು ತನ್ನ ಎದೆಗೆ ಒರಗಿಸಿಕೊಂಡು ಕೂತಿದ್ದಳು.

ಹಾವೇರಿಯ ದೊಡ್ಡ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಬಲಗಡೆಯ ಶ್ವಾಸಕೋಶದ ಕೆಳಭಾಗ ಕರಿ ಕಾಣಬೇಕಾದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮೂಗಿಗೆ ಆಮ್ಲಜನಕದ ನಳಿಕೆ, ಕೈಗೆ ಸಲೈನು, ಅದರೊಳಗೆ ಆ್ಯಂಟಿಬಯಾಟಿಕ್. "ಇವತ್ತು ಬಂದದ್ದು ಛಲೋ ಆತು," ಎಂದಷ್ಟೇ ಹೇಳಿದ ಡಾಕ್ಟರ್, ಇನ್ನೊಂದು ದಿನ ತಡವಾಗಿದ್ದರೆ ಎಂಬ ಮಾತನ್ನು ನುಂಗಿಕೊಂಡರು. ಶೈಲಶ್ರೀಗೆ ಆ ನುಂಗಿದ ಮಾತೇ ಹೆಚ್ಚು ಸ್ಪಷ್ಟವಾಗಿ ಕೇಳಿಸಿತು. ಮರುದಿನವೂ ಜ್ವರ ಇಳಿಯಲಿಲ್ಲ. ರೇಣುಕವ್ವ ಯಾರೊಡನೆಯೂ ಮಾತಾಡದೆ ಕಣ್ಣು ಮುಚ್ಚಿ ಬರೀ ಉಸಿರಾಡುವ ಕೆಲಸ ಮಾಡಿದಳು. ಅದು ಎಂಥ ದೊಡ್ಡ ಕೆಲಸವೆಂದು ನೋಡುತ್ತಾ ಕೂತವರಿಗೆ ಗೊತ್ತಾಯಿತು. ಅದರ ಮಾರನೆಯ ದಿನ ಮಧ್ಯಾಹ್ನ ಹಣೆಯ ಮೇಲೆ ಬೆವರೊಡೆಯಿತು. ಅವಳು ಕಣ್ಣು ಬಿಟ್ಟು, ಪಕ್ಕದ ಮಂಚದವರ ಡಬ್ಬಿಯ ಕಡೆ ನೋಡಿ, "ಅದೇನು, ಬದನಿಕಾಯಿ ಪಲ್ಲೆ ಏನು?" ಎಂದಳು. ತಾಜಬಿ ಬಾಯಿಗೆ ಸೆರಗು ಹಿಡಿದು ಅತ್ತಳು, ಆಮೇಲೆ ಅದೇ ಸೆರಗಿನಲ್ಲಿ ನಕ್ಕಳು.

ಗಾಬರಿ ಇಳಿದ ಮೇಲೆ ತಾಜಬಿಗೆ ತನ್ನ ಹಳೆಯ ಬಾಯಿ ಮರಳಿತು.

"ಬೇಟಿ, ಒಳಗ ಕುಂತಿರ್ತಾಳ ಅಂದ್ಯಲ್ಲ, ಅಕಿ ಹೆಸರೇನು?"

"ಮ್ಯಾಕ್ರೋಫೇಜ್."

"ಥೂ! ಇಂಥಾ ಹೆಸರಿಟ್ರ ಕರದ್ರ ಯಾರ ಓಗೊಡ್ತಾರ? ಶೇಖವ್ವ ಅನ್ನೂಣು. ನಮ್ಮ ಗುಂಪಿನ್ಯಾಗ ಇದ್ಳು ಒಬ್ಬಾಕಿ ಶೇಖವ್ವ, ಪಿಟ್ಟನ್ನದ ದುಡೀತಿದ್ಳು."

ರೇಣುಕವ್ವ ನಗಲಿಲ್ಲ. ಚಾವಣಿ ನೋಡುತ್ತಾ ಮಲಗಿದ್ದವಳು, "ಶೈಲಾ," ಎಂದಳು. "ಖರೇ ಹೇಳು. ನನ್ನ ಎದಿ ಇನ್ನ ಕೆಟ್ಟಂಗs ಏನು? ಒಮ್ಮೆ ಕೆಟ್ಟದ್ದು ಮತ್ತ ಮತ್ತ ಕೆಡ್ತೈತಿ ಅಂತ ಆ ಮಂಚದಾಕಿ ಅನ್ನಾಕತ್ತಿದ್ಳು."

ಶೈಲಶ್ರೀ ಮಂಚದ ಅಂಚಿಗೆ ಕೂತಳು. ಈ ಸಲ ಮಾತು ಗಂಟಲಲ್ಲಿ ಕೂರಲಿಲ್ಲ. ಅವಳೇ ಅದನ್ನು ತುಸು ತಡೆದು, ಯಾವುದು ಗೊತ್ತಿರುವುದು, ಯಾವುದು ಗೊತ್ತಿಲ್ಲದ್ದು ಎಂದು ಬೇರೆ ಮಾಡಿಕೊಂಡು ಹೇಳಿದಳು.

"ಈಗ ಔಷಧದ ಬಲದಿಂದ ಹುಳ ಸಾಯಾಕತ್ತಾವು. ಶೇಖವ್ವ ಅವುಗಳ ಹೆಣಾ ನುಂಗಿ ಜಾಗ ಹಸನ ಮಾಡಾಕತ್ತಾಳ. ಅದಕ್ಕ ವಾರಗಟ್ಟಲೆ ಹಿಡೀತೈತಿ, ಅದಕ್ಕs ನಿನಗ ದಣಿವು. ಈ ಜಗಳದಾಗ ಕೆಲವು ಶೇಖವ್ವಗೋಳು ಸತ್ತಿರ್ತಾವು. ಉಳಿದಾವು ತಮ್ಮಂಥಾವು ಮತ್ತ ಹುಟ್ಟಿಸ್ತಾವು. ಒಂದಿಷ್ಟು ರಕ್ತದಾಗಿಂದ ಬಂದಾವೂ ಅಲ್ಲೇ ಮನಿ ಮಾಡಿ, ನೋಡಿ ನೋಡಿ ಕೆಲಸ ಕಲೀತಾವು. ಆದ್ರ ಅವು ಯಾವೂ ಮೊದಲಿನಂಗ ಇರಂಗಿಲ್ಲ. ತಿನ್ನೂ ರೀತಿ, ಎಚ್ಚರ ಇರೂ ರೀತಿ ಎಲ್ಲಾ ಬದಲಾಗಿರ್ತೈತಿ. ಮತ್ತೊಮ್ಮೆ ಹುಳ ಬಂತಂದ್ರ ಮೊದಲಿನಕಿಂತ ಲಗೂ ಎದ್ದು ನಿಂದ್ರತಾವು."

"ಖರೇನ?"

"ಇಲಿಯೊಳಗ ನೋಡ್ಯಾರ. ಮನಷ್ಯಾರೊಳಗ ಇನ್ನೂ ನೋಡಾಕತ್ತಾರ. ಎಷ್ಟು ದಿನ ಆ ಎಚ್ಚರ ಇರ್ತೈತಿ ಅನ್ನೂದು ಗೊತ್ತಿಲ್ಲ. ಒಮ್ಮೊಮ್ಮೆ ದೊಡ್ಡ ಬ್ಯಾನಿ ಆದಮ್ಯಾಲೆ ದಣದು ಮಂಕಾಗೂದೂ ಐತಿ. ಅದಕ್ಕs ಊಟಾ, ನಿದ್ದಿ ಬೇಕು. ಲಸಿಕಿನೂ ಐತಿ, ಡಾಕ್ಟರ್ ಹೇಳಿದಾಗ ಹಾಕಿಸ್ಕೊಳ್ಳೂಣು."

"ಇಲಿಗೆ ಆದದ್ದು ಈಕಿಗೆ ಆಗದs ಇರ್ತೈತೇನ?" ಎಂದಳು ತಾಜಬಿ. "ತಿನ್ನೂದು ನೋಡು, ಇಲಿಯಷ್ಟs."

ಈಗ ರೇಣುಕವ್ವ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಂತಿತು. ತಾಜಬಿ ತನ್ನ ಅಂಗೈ ನೋಡಿಕೊಂಡು, "ಮತ್ತ ಧೂಳಿಂದು?" ಎಂದು ಕೇಳಿದಳು. ಅವಳಿಗೆ ನಿಜವಾಗಿ ಬೇಕಿದ್ದ ಪ್ರಶ್ನೆ ಅದೇ ಎಂದು ಶೈಲಶ್ರೀಗೆ ಗೊತ್ತಾಯಿತು. ತನ್ನ ಗುಂಪಿನ ಅಷ್ಟೂ ಹೆಂಗಸರ ಎದೆ ಅದರಲ್ಲಿತ್ತು.

"ಧೂಳು ನುಂಗಿ ನುಂಗಿ ಶೇಖವ್ವ ಗಟ್ಟಿ ಆಗ್ತಾಳ ಅನ್ನಾಕ ಬರಂಗಿಲ್ಲ ಖಾಲಾ. ಕೆಮ್ಮು ನಿಲ್ತೈತಿ, ಅಷ್ಟs. ಮೂಗಿಗೆ ಸೆರಗು ಸಾಲಂಗಿಲ್ಲ, ಮಾಸ್ಕ್ ಬೇಕು. ಕೆಮ್ಮೂವರನ್ನ ರಾಶಿ ಬುಡಕ ಅಲ್ಲ, ಗಾಳಿ ಬರೂ ಕಡೆ ಕುಂದ್ರಸಬೇಕು."

"ಹಂಗಾರ ನಾ ಇಷ್ಟು ವರ್ಷ..." ಎಂದಳು ತಾಜಬಿ. ರೇಣುಕವ್ವ ಸಲೈನಿಲ್ಲದ ಕೈ ಚಾಚಿ ಅವಳ ಮೊಣಕೈ ಹಿಡಿದು, "ಬೆಲ್ಲನರ ಛಲೋ ಇತ್ತು ಬಿಡಕ್ಕಾ," ಎಂದಳು.

ಆ ವಾರವೇ ತಾಜಬಿ ದಲಾಲಿಯ ಎದೆಯ ಮೇಲೆ ಕೂತು ಗುಂಪಿಗೆಲ್ಲ ಮಾಸ್ಕ್ ತರಿಸಿದಳೆಂದು ಶಮಶೇರಸಾಬ ಬಂದು ಹೇಳಿದ. "ನನಗೂ ಒಂದು ಹಾಕ್ಯಾಳ, ಟಂಟಂ ಹೊಡ್ಯಾವಗ ಯಾಕವಾ?" ಎಂದು ಗೊಣಗಿದ, ಆದರೆ ಬಿಚ್ಚಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ತಾಯಿ ಮಗಳು ಮತ್ತೆ ಹಾವೇರಿಗೆ ಹೋದರು. ಹೊಸ ಎಕ್ಸ್‌ರೇ ತೆಗೆದು ಡಾಕ್ಟರು ಬೆಳಕಿಗೆ ಹಿಡಿದರು. ಬಿಳಿ ಹೆಪ್ಪು ಕರಗಿ, ಅಂಚಿನಲ್ಲಿ ತೆಳ್ಳನೆ ಮಂಜಿನ ಹಾಗೆ ಒಂದಿಷ್ಟು ಉಳಿದಿತ್ತು. ಅದೂ ಹೋಗುತ್ತದೆ, ಇನ್ನೊಂದು ತಿಂಗಳು ಯಾರ್ಡ್ ಬೇಡ ಎಂದರು. ರೇಣುಕವ್ವ ತಲೆಯಾಡಿಸಿದಳು. ಹೊರಗೆ ಬಂದು, ಇನ್ನೊಂದು ತಿಂಗಳು ಮನೆಯಲ್ಲಿ ಕೂತರೆ ತನಗೆ ಹುಚ್ಚು ಹಿಡಿಯುವುದೆಂದು ಮಗಳಿಗೆ ಎಚ್ಚರಿಕೆ ಕೊಟ್ಟಳು.

ಬ್ಯಾಡಗಿಯ ಬಸ್ಸು ಕಿಕ್ಕಿರಿದಿತ್ತು. ಹೆಂಗಸರಿಗೆಂದು ಬರೆದ ಸೀಟಿನಲ್ಲಿ ಇಸ್ತ್ರಿ ಅಂಗಿಯ ಒಬ್ಬ ಗಂಡಸು ಕಿವಿಗೆ ಫೋನು ಹಚ್ಚಿಕೊಂಡು ಕೂತಿದ್ದ. ರೇಣುಕವ್ವ ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಬರೆದದ್ದನ್ನೂ ಅವನನ್ನೂ ಒಮ್ಮೆ ನೋಡಿದಳು.

"ಯಪ್ಪಾ, ಅಲ್ಲಿ ನೆತ್ತಿ ಮ್ಯಾಲೆ ಬರದದ್ದು ಓದಾಕ ಬರ್ತೈತಿಲ್ಲೋ ನಿನಗ, ಇಲ್ಲಾ ಫೋನ್ಯಾಗ ಬಂದದ್ದಷ್ಟs ಓದ್ತೀಯೋ, ಇಷ್ಟು ಮಂದಿ ಹೆಣ್ಣಮಕ್ಕಳು ಕೂಸು ಕುನ್ನಿ ಎತ್ತಿಗೊಂಡು ನಿಂತಾರ, ನೀ ಮದವಿ ಮದಲಿಂಗನಂಗ ಕುಂತೀದಿ, ನಿನ್ನ ಹಡದಾಕಿ ಹಿಂಗs ನಿಂತು ಬಂದ್ರ ಹೆಂಗಾಕ್ಕಿತ್ತಂತ ಒಮ್ಮೆರ ವಿಚಾರ ಮಾಡೀಯೇನು..."

ಮಾತು ಎಲ್ಲೂ ಕಡಿಯಲಿಲ್ಲ. ಒಂದೇ ಉಸಿರಿನಲ್ಲಿ ಏರಿ, ಇಳಿದು, ತಿರುವು ತೆಗೆದುಕೊಂಡು ಇನ್ನೂ ಮುಂದೆ ಹೋಗುತ್ತಿತ್ತು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಕಿಟಕಿಯ ಹೊರಗೆ ಮುಖ ತಿರುಗಿಸುತ್ತಿದ್ದ ಶೈಲಶ್ರೀ ಅವ್ವನ ಎದೆ ಏರಿಳಿಯುವುದನ್ನೇ ನೋಡುತ್ತಾ ನಿಂತಳು. ಪಕ್ಕೆಗೆ ಕೈ ಹೋಗಲಿಲ್ಲ. ಮೂಗಿನ ಹೊಳ್ಳೆ ಅರಳಲಿಲ್ಲ. ಅರಳಿದ್ದರೂ ಅದು ಸಿಟ್ಟಿಗೆ.

ಕಡೆಗೆ ರೇಣುಕವ್ವ ಉಸಿರು ತೆಗೆದುಕೊಂಡಳು. ಆ ಸಂದಿನಲ್ಲಿ ಶೈಲಶ್ರೀ ಬಗ್ಗಿ, ಫೋನು ಕೆಳಗಿಳಿಸಿದ್ದ ಆ ಮನುಷ್ಯನಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಲಗೂ ಎದ್ದುಬಿಡ್ರಿ ಅಣ್ಣಾರ. ಇನ್ನೂ ಭಾಳ ದಮ್ ಐತಿ ಅವ್ವಗ."

ಅವನು ಎದ್ದ.